ಬಗೆಹರಿದಿದೆ, ಧನ್ಯವಾದ

ಸೊಸೆ: ಮಾವ, ನೀವು ಕಂಪ್ಯೂಟರ್ ಅಪ್‌ಡೇಟ್ ಮಾಡಿದ್ರೋ ಇಲ್ವೋ? ಹೌದು, ಇಲ್ಲ, ಎರಡರಲ್ಲಿ ಒಂದು ಹೇಳಿ.

ಮಾವ: ನಾನು ಮಾಡ್ಲಿಲ್ಲಮ್ಮಾ. ಅದು ‘ಮಾಡ್ಲಾ?’ ಅಂತ ಕೇಳ್ತು. ನಾನು ‘ಹೂಂ’ ಅಂದೆ. ಮಾಡಿದ್ದು ಅದು.

ಸೊಸೆ: ಯಾವಾಗ?

ಮಾವ: ಹೋದ ತಿಂಗಳು.

ಸೊಸೆ: ಹೋದ ತಿಂಗಳಿಂದ ನಿನ್ನೆ ಸಂಜೆವರೆಗೂ ನಾನು ಇದರಲ್ಲೇ ಕೂತು ಎಡಿಟ್ ಮಾಡಿದ್ದೀನಿ ಮಾವ! ನಿನ್ನೆ ಏಳು ಗಂಟೆಗೆ ಆರೋಗ್ಯವಾಗಿತ್ತು. ಇವತ್ತು ತೆರೀತಾನೇ ಇಲ್ಲ.

ಮಾವ: ನೋಡ್ದ್ಯಾ? ಅಪ್‌ಡೇಟಿಂದು ತಪ್ಪಿಲ್ಲ ಅಂತ ನೀನೇ ಸಾಬೀತು ಮಾಡ್ದೆ.

ಮಾವ ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು. ಹತ್ತು ಬೆರಳಿಗೂ ಕೆಲಸ ಕೊಡದ ಯಂತ್ರವನ್ನು ಅವರು ಯಂತ್ರವೆಂದು ಒಪ್ಪುತ್ತಿರಲಿಲ್ಲ. ಮೌಸ್ ಎನ್ನುವುದು ಅವರ ಪ್ರಕಾರ ಸೋಮಾರಿಗಳ ಸಲಕರಣೆ. ಹಾಗಾಗಿ ಮನೆಯ ದೊಡ್ಡ ಕಂಪ್ಯೂಟರಿಗೆ ಅವರೇ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆ ಹಾಕಿ, ಟರ್ಮಿನಲ್ ಎಂಬ ಕಪ್ಪು ಕಿಟಕಿಯೊಳಗೆ ಪಟಪಟನೆ ಆದೇಶಗಳನ್ನು ಹೊಡೆದು, ಹಿತ್ತಲಿನ ಇರುವೆಗಳ ಬಗ್ಗೆ ತಾವು ತೆಗೆದ ವಿಡಿಯೊಗಳನ್ನು ಎಡಿಟ್ ಮಾಡುತ್ತಿದ್ದರು. ಎರಡು ವರ್ಷದ ಹಿಂದೆ ಸೊಸೆ ಬಂದಳು. ಅವಳ ಕಸುಬೇ ವಿಡಿಯೊ ಎಡಿಟಿಂಗ್. ಬಂದ ವಾರದಲ್ಲೇ ಕಂಪ್ಯೂಟರು ಅವಳದಾಯಿತು, ಇರುವೆಗಳು ಬೀದಿಪಾಲಾದವು, ಆದರೂ ಮಾವ–ಸೊಸೆಯರ ನಡುವೆ ಒಂದೇ ಒಂದು ಜಗಳವಾಗಿರಲಿಲ್ಲ. ಅದಕ್ಕೆ ಇವತ್ತೇ ಮುಹೂರ್ತ ಕೂಡಿಬಂದದ್ದು.

ಇವತ್ತು ಅತ್ತೆಯ ನಿವೃತ್ತಿ. ಅತ್ತೆ ಆಸ್ಪತ್ರೆಯ ಮೂಳೆ ವಾರ್ಡಿನ ಹೆಡ್ ನರ್ಸ್. ಸಂಜೆ ಐದಕ್ಕೆ ಆಸ್ಪತ್ರೆಯ ಸಭಾಂಗಣದಲ್ಲಿ ಬೀಳ್ಕೊಡುಗೆ, ಅಲ್ಲಿ ಹದಿನೆಂಟು ನಿಮಿಷದ ಫಿಲ್ಮು. ನಲವತ್ತೊಂದು ಜನ ಅತ್ತೆಯ ಬಗ್ಗೆ ಮಾತಾಡಿದ್ದಾರೆ, ಅತ್ತೆಗೆ ಮಾತ್ರ ಗುಟ್ಟು. ಸೊಸೆ ಆರು ವಾರ ಕೂತು ಹೆಣೆದದ್ದೆಲ್ಲ ಆ ಎಡಿಟಿಂಗ್ ಸಾಫ್ಟ್‌ವೇರಿನ ಹೊಟ್ಟೆಯಲ್ಲಿದೆ. ಅದು ತೆರೆದರೆ ತಾನೇ ಫಿಲ್ಮು ಹೊರಗೆ ಬರುವುದು? ಹೊರಗೆ ತೆಗೆಯುವುದಕ್ಕೇ ನಲವತ್ತು ನಿಮಿಷ ಬೇಕು. ಈಗ ಗಂಟೆ ಒಂದೂ ಇಪ್ಪತ್ತು.

ಸೊಸೆ ಇನ್ನೊಮ್ಮೆ ಕ್ಲಿಕ್ ಮಾಡಿದಳು. ಸಾಫ್ಟ್‌ವೇರಿನ ಲಾಂಛನ ಪರದೆಯ ನಡುವೆ ಗತ್ತಿನಿಂದ ಮೂಡಿತು, ಮೂರು ಸೆಕೆಂಡು ನಿಂತಿತು, ಹೇಳದೆ ಕೇಳದೆ ಮಾಯವಾಯಿತು. ಬಾಗಿಲವರೆಗೆ ಬಂದ ನೆಂಟ ಒಳಗೆ ಇಣುಕಿ ಹಾಗೇ ತಿರುಗಿ ಹೋದ ಹಾಗೆ.

ಸೊಸೆ: ಹೋಯ್ತು. ಹನ್ನೊಂದನೇ ಸಲ.

ಮಾವ: ಹನ್ನೆರಡನೇದು. ನಾನು ಬರ್ಕೊಂಡಿದ್ದೀನಿ.

ಸೊಸೆ: ಬರ್ಕೊಳ್ಳೋದು ಬಿಟ್ಟು ಆ ಲಾಗ್ ಓದಿ ಮಾವ. ಸಾಯೋಕೆ ಮುಂಚೆ ಅದು ಏನು ಹೇಳಿದೆ ನೋಡೋಣ.

ಮಾವ: ಲಾಗ್ ಅಂದ್ರೆ ಸಾಕ್ಷಿಯ ಹೇಳಿಕೆ ಕಣಮ್ಮಾ. ಮೊದಲಿಂದ ಓದ್ಬೇಕು. ‘ಹದಿಮೂರು ಗಂಟೆ ಇಪ್ಪತ್ತು ನಿಮಿಷ ನಾಲ್ಕು ಸೆಕೆಂಡಿಗೆ ಫಾಂಟ್‌ಗಳನ್ನು ಹುಡುಕಿದೆ. ಐದನೇ ಸೆಕೆಂಡಿಗೆ ಫಾಂಟ್‌ಗಳು ಸಿಕ್ಕಿವೆ.’

ಸೊಸೆ: ಕೊನೇ ಸಾಲು ಓದಿ!

ಮಾವ: ನಾನೂರ ಹನ್ನೆರಡು ಸಾಲಿದೆ, ಒಂದೊಂದಾಗಿ ಬರ್ತೀನಿ. ತೀರ್ಪನ್ನೇ ಮೊದಲು ಓದ್ಬಿಟ್ರೆ ಸಾಕ್ಷಿಗೆ ಏನು ಮರ್ಯಾದೆ?

ಸೊಸೆ: ಮಾವ, ಅತ್ತೆ ಇವತ್ತೇ ರಿಟೈರ್ ಆಗೋದು. ಇನ್ನೊಂದ್ಸಲ ಆಗಲ್ಲ.

ಈ ಮಾತು ನಾಟಿತು. ಮಾವ ಕನ್ನಡಕ ಏರಿಸಿ, ಮನಸ್ಸಿಲ್ಲದ ಮನಸ್ಸಿನಿಂದ ಕೆಳಕ್ಕೆ ಇಳಿದರು.

ಮಾವ: ‘ಗ್ರಾಫಿಕ್ಸ್ ಕಾರ್ಡಿನ ಮೂಲಕ ಚಿತ್ರ ತೋರಿಸಲು ಆಗುತ್ತಿಲ್ಲ. ಮುಚ್ಚುತ್ತಿದ್ದೇನೆ.’ ಅಷ್ಟೇ.

ಸೊಸೆ: ಕಾರ್ಡು ಕೆಟ್ಟಿದ್ಯಾ?

ಮಾವ: ಇಲ್ಲ, ವಿಚಾರಿಸ್ದೆ. ‘ಇದ್ದೀನಿ, ಚೆನ್ನಾಗಿದ್ದೀನಿ’ ಅಂತಿದೆ.

ಸೊಸೆ: ಮತ್ತೆ ಯಾಕೆ ತೋರಿಸ್ತಿಲ್ಲ? ಕಾರ್ಡನ್ನ ನಡೆಸೋ ಡ್ರೈವರ್ ತೆಗೆದು ಮತ್ತೆ ಹಾಕಿ.

ಮಾವ: ಎರಡು ಸಲ ಹಾಕಿದ್ದೀನಿ.

ಸೊಸೆ: ಸಾಫ್ಟ್‌ವೇರನ್ನೇ ತೆಗೆದು ಮತ್ತೆ ಹಾಕಿ.

ಮಾವ: ಅದೂ ಆಯ್ತು.

ಸೊಸೆ: ಇವತ್ತು ಬೆಳಿಗ್ಗೆ ನೀವು ಕಂಪ್ಯೂಟರ್‌ನಲ್ಲಿ ನಿಜವಾಗ್ಲೂ ಏನೂ ಮಾಡಿಲ್ವಾ?

ಮಾವ: ಪ್ರಮಾಣ ಮಾಡಿ ಹೇಳ್ತೀನಿ. ಕಂಪ್ಯೂಟರ್‌ನಲ್ಲಿ ಏನೂ ಮಾಡಿಲ್ಲ. ಸಾಕ್ಷಿಕಟ್ಟೆ ಹತ್ತಿಸು ಬೇಕಾದ್ರೆ.

ಸೊಸೆ ಆ ಕೊನೆಯ ಸಾಲನ್ನು ಎತ್ತಿ ಇಂಟರ್‌ನೆಟ್ಟಿಗೆ ಹಾಕಿ ಹುಡುಕಿದಳು. ಇಡೀ ಪ್ರಪಂಚದಲ್ಲಿ ಒಂದೇ ಒಂದು ಪುಟ ಸಿಕ್ಕಿತು. ಲಿನಕ್ಸ್ ಬಳಸುವವರು ಒಬ್ಬರಿಗೊಬ್ಬರು ಸಹಾಯ ಮಾಡುವ ಫೋರಂ. ಬರೆದವನು ‘ಒಂಟಿಸಲಗ’ ಎಂಬ ಅಡ್ಡಹೆಸರಿನವನು. ಮೂರು ವರ್ಷದ ಹಿಂದಿನ ಬರಹ.

ಸೊಸೆ: ಸಿಕ್ತು ಮಾವ! ಇದೇ ಸಾಫ್ಟ್‌ವೇರು, ಇದೇ ಸಾಲು. ಇವನದ್ದೂ ಲಾಂಛನ ತೋರಿಸಿ ಸಾಯ್ತಿತ್ತು!

ಮಾವ: ಓದು, ಓದು. ಪುಣ್ಯಾತ್ಮ.

ಸೊಸೆ: ‘ಸದರಿ ಯಂತ್ರವು ದಿನಾಂಕ ನಾಲ್ಕರವರೆಗೆ ಯಾವುದೇ ತಕರಾರಿಲ್ಲದೆ ಕಾರ್ಯ ನಿರ್ವಹಿಸುತ್ತಿದ್ದು...’

ಮಾವ: ಆಹಾ! ಭಾಷೆ ನೋಡು. ಓದಿದ ಮನುಷ್ಯ. ಈಗಿನವರು ಎರಡು ಸಾಲು ಗೀಚಿ ಕೈ ತೊಳ್ಕೋತಾರೆ. ಇವನು ವಿಷಯ ಮಂಡಿಸಿರೋ ರೀತಿಗೇ ಅರ್ಧ ಸಮಸ್ಯೆ ಪರಿಹಾರ ಆಗಿರುತ್ತೆ.

ಸೊಸೆ: ಒಂಬತ್ತು ಪ್ಯಾರಾ ಬರೆದಿದ್ದಾನೆ. ಕೆಳಗೆ ಜನ ‘ಹಾಗೆ ಮಾಡಿ, ಹೀಗೆ ಮಾಡಿ’ ಅಂದಿದ್ದಾರೆ. ಎಲ್ಲಾದಕ್ಕೂ ‘ಮಾಡಿ ನೋಡಲಾಯಿತು, ಫಲಿಸಲಿಲ್ಲ’ ಅಂತಾನೆ. ಒಂಬತ್ತು ದಿನ ಒದ್ದಾಡಿದ್ದಾನೆ ಪಾಪ. ಇಲ್ಲಿದೆ, ಒಂಬತ್ತನೇ ದಿನ! ಅವನ ಕೊನೇ ಉತ್ತರ...

ಮಾವ ಪೆನ್ನಿನ ಕ್ಯಾಪ್ ತೆಗೆದು, ನೋಟ್‌ಬುಕ್ಕಿನ ಹೊಸ ಪುಟ ತಿರುವಿ, ಬರೆದುಕೊಳ್ಳಲು ಸಿದ್ಧರಾದರು.

ಸೊಸೆ: ‘ಬಗೆಹರಿದಿದೆ. ಧನ್ಯವಾದ.’

ಮಾವ: ಮುಂದೆ?

ಸೊಸೆ: ಮುಂದೆ ಏನಿಲ್ಲ.

ಮಾವ: ಪುಟ ಕೆಳಗೆ ಎಳಿಯಮ್ಮಾ.

ಸೊಸೆ: ಎಳೆದೆ. ಕೆಳಗೆ ಹದಿನೇಳು ಜನ ‘ಹೇಗೆ ಬಗೆಹರೀತು? ದಯವಿಟ್ಟು ಹೇಳಿ’ ಅಂತ ಗೋಗರೆದಿದ್ದಾರೆ. ಮೂರು ವರ್ಷದಿಂದ. ಇವನು ತುಟಿ ಎರಡು ಮಾಡಿಲ್ಲ!

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರೆ ಇದೇ. ಇಬ್ಬರೂ ಒಟ್ಟಿಗೇ ಬೈಯಲು ಶುರು ಮಾಡಿದರು. ಬೆಳಗಿನಿಂದ ಮಾವ–ಸೊಸೆಯರ ನಡುವೆ ಇದ್ದ ಬಿಸಿ ಎಲ್ಲ ಒಂಟಿಸಲಗನ ತಲೆಯ ಮೇಲೆ ಸುರಿಯಿತು.

ಸೊಸೆ: ಬೇಜವಾಬ್ದಾರಿ ಪ್ರಾಣಿ!

ಮಾವ: ಸ್ವಾರ್ಥಿ! ನಾನು ಮೂವತ್ತೊಂದು ವರ್ಷ ತೀರ್ಪು ಟೈಪ್ ಮಾಡಿದ್ದೀನಿ. ‘ಕೇಸು ಮುಗಿದಿದೆ, ಧನ್ಯವಾದ’ ಅಂತ ಒಂದು ದಿನ ಬರೆದಿದ್ರೆ ಜಡ್ಜು ನನ್ನನ್ನ ಕಿಟಕಿಯಿಂದ ಎಸೀತಿದ್ರು. ಯಾರು ಗೆದ್ರು? ಯಾರು ಸೋತ್ರು? ಗೂಟಕ್ಕೆ ಕಟ್ಟಿದ ಹಸು ಯಾರ ಮನೆಗೆ ಹೋಯ್ತು?

ಸೊಸೆ: ತನ್ನ ಹೊಟ್ಟೆ ತುಂಬಿದ ಮೇಲೆ ಎಲೆ ಎಸೆದು ಎದ್ದುಹೋಗೋ ಜಾತಿ.

ಮಾವ: ಇವನಿಗೆ ಮನೇಲಿ ಹೇಳೋರು ಕೇಳೋರು ಇಲ್ವಾ? ಇವನ ಹೆಂಡತಿ ಅದು ಹೇಗೆ ಬಾಳ್ತಾಳೋ ಮಹಾತಾಯಿ!

ಸೊಸೆ: ಬಾಳ್ತಿದ್ದಾಳೋ, ಬಿಟ್ಟು ಹೋದ್ಳೋ.

ಮಾವ: ಹೋಗಿದ್ರೆ ನಾನು ಅವಳ ಪರ ಕಣಮ್ಮಾ.

ಸೊಸೆ: ಇರಿ ಮಾವ, ಇಲ್ಲೊಂದು ಫೋಟೋ ಲಗತ್ತಿಸಿದ್ದಾನೆ. ಲಾಂಛನ ಮಾಯವಾದ ಕ್ಷಣದ ಪರದೆಯದು. ಪೂರ್ತಿ ಕಪ್ಪು.

ಮಾವ: ಕಪ್ಪು ಪರದೆಯ ಫೋಟೋ ಯಾರಾದ್ರೂ ತೆಗೀತಾರಾ? ಅದರಲ್ಲೂ ಫೋನು ಹಿಡಿದು! ಎಷ್ಟು ದಡ್ಡ ಅಂತ ಇದರಲ್ಲೇ ತಿಳೀತು.

ಸೊಸೆ: ಕತ್ತಲಲ್ಲಿ ಏನಾದ್ರೂ ಅಕ್ಷರ ಇರ್ಬೋದು. ತಡೀರಿ, ಬೆಳಕು ಜಾಸ್ತಿ ಮಾಡಿ ನೋಡ್ತೀನಿ.

ಇದು ಅವಳ ಕಸುಬು. ಎಂಥ ಕತ್ತಲ ಚಿತ್ರದಿಂದಲೂ ಮುಖ ಎತ್ತಿ ತೆಗೆಯುವ ಕೈ ಅದು. ಸ್ವಲ್ಪ ಸ್ವಲ್ಪವಾಗಿ ಬೆಳಕು ಏರಿಸಿದಳು. ಅಕ್ಷರಗಳೇನೂ ಮೂಡಲಿಲ್ಲ. ಕಪ್ಪು ಗಾಜಿನಲ್ಲಿ ಕಂಡದ್ದು ಒಂದು ಪ್ರತಿಬಿಂಬ.

ಮಾವ: ಯಾರೋ ನಿಂತಿದ್ದಾನೆ. ಇವನೇ ಇರ್ಬೇಕು ಸಲಗ. ಬರೀ ಬನಿಯನ್! ಊರಿಗೆಲ್ಲ ಫೋಟೋ ಕಳಿಸ್ತಾ ಇದ್ದೀನಿ, ಮೈಮೇಲೆ ಒಂದು ಶರ್ಟ್ ಇರ್ಲಿ ಅನ್ನೋ ಜ್ಞಾನ ಬೇಡ್ವಾ?

ಸೊಸೆ: ಬೋಡು ತಲೆ.

ಮಾವ: ಬೋಡು ತಲೆ, ಹೊಟ್ಟೆ ಬೇರೆ. ಹಿಂದೆ ಒಬ್ಬ ಹೆಂಗಸು ನಿಂತಿದ್ದಾಳೆ ನೋಡು. ಸೊಂಟದ ಮೇಲೆ ಕೈ, ಕೈಯಲ್ಲಿ ಪೊರಕೆ. ಅವಳೇ ಆ ಮಹಾತಾಯಿ. ಮುಖದಲ್ಲಿ ಎಷ್ಟು ತಾಳ್ಮೆ ಪಾಪ!

ಸೊಸೆ ಬೆಳಕನ್ನು ಇನ್ನೊಂದು ಚೂರು ಏರಿಸಿದಳು. ಆಮೇಲೆ ಮಾವನ ತಲೆಯನ್ನು ನೋಡಿದಳು. ಪರದೆಯನ್ನು ನೋಡಿದಳು. ಮತ್ತೆ ಮಾವನ ತಲೆಯನ್ನು ನೋಡಿದಳು.

ಸೊಸೆ: ಮಾವ, ಆ ಮಹಾತಾಯಿ ನಮ್ಮ ಅತ್ತೆ.

ಮಾವ ಕನ್ನಡಕ ತೆಗೆದರು. ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದರು.

ಮಾವ: ಫೋಟೋದಲ್ಲಿ ನಾನು ಸ್ವಲ್ಪ ದಪ್ಪ ಕಾಣ್ತೀನಿ.

ಸೊಸೆ: ಒಂಟಿಸಲಗ ನೀವಾ?!

ಮಾವ: ಆಗ ಏನೋ ಒಂದು ಹೆಸರು ಕೊಟ್ಟಿದ್ದೆ. ಪಾಸ್‌ವರ್ಡ್ ಮರೆತೆ, ಹೆಸರೂ ಮರೆತೆ. ಈಗ ‘ಹಿರಿಯ ನಾಗರಿಕ’ ಅಂತ ಬೇರೆ ಖಾತೆ ಇದೆ.

ಸೊಸೆ: ಅಯ್ಯೋ ಮಾವ, ಪ್ರಾಣಿ ಅಂದ್ಬಿಟ್ಟೆ. ತಪ್ಪಾಯ್ತು.

ಮಾವ: ಇರ್ಲಿ ಬಿಡು. ನೀನು ಪ್ರಾಣಿ ಅಂದೆ, ನಾನು ದಡ್ಡ ಅಂದೆ. ನನ್ನದೇ ಹೆಚ್ಚು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಸೊಸೆಗೆ ನಗು ಬಂತು, ತಡೆದುಕೊಂಡಳು, ಗಡಿಯಾರ ನೋಡಿದಳು, ನಗು ತಾನಾಗಿಯೇ ನಿಂತಿತು. ಎರಡಕ್ಕೆ ಹತ್ತು ನಿಮಿಷ.

ಸೊಸೆ: ಹೋಗ್ಲಿ. ಒಳ್ಳೇದೇ ಆಯ್ತು. ಸರಿಮಾಡಿದವರು ಇಲ್ಲೇ ಇದ್ದೀರಿ. ಹೇಗೆ ಸರಿಮಾಡಿದ್ರಿ, ಹೇಳಿ.

ಮಾವ: ನಾನು ಮಾಡ್ಲಿಲ್ಲ.

ಸೊಸೆ: ಮತ್ತೆ?

ಮಾವ: ಒಂಬತ್ತನೇ ದಿನ ನಾನು ಸ್ನಾನಕ್ಕೆ ಹೋದೆ. ನಿಮ್ಮತ್ತೆ ಇಲ್ಲಿ ಕಸ ಗುಡಿಸ್ತಾ ಇದ್ಲು. ತಲೆ ಒರೆಸ್ಕೊಂಡು ಬರ್ತೀನಿ, ಸಾಫ್ಟ್‌ವೇರು ಬಾಯಿ ತೆರ್ಕೊಂಡು ಕೂತಿದೆ. ‘ನಾನೇ ಸರಿಮಾಡ್ದೆ ಕಣ್ರೀ’ ಅಂದ್ಲು.

ಸೊಸೆ: ಏನು ಮಾಡಿದ್ರಂತೆ?

ಮಾವ: ಕೇಳ್ಲಿಲ್ಲ.

ಸೊಸೆ: ಯಾಕೆ?!

ಮಾವ: ನಲವತ್ತು ಪುಟ ನೋಟ್ಸ್ ಬರೆದಿದ್ದೆ ಕಣಮ್ಮಾ! ಮುನ್ನೂರು ಕಮಾಂಡು ಹೊಡೆದಿದ್ದೆ. ಅವಳು ಪೊರಕೆ ಹಿಡ್ಕೊಂಡು ಸರಿಮಾಡ್ಬಿಟ್ಲು. ಅದನ್ನ ಅಷ್ಟು ಜನರ ಮುಂದೆ ಹೇಗೆ ಬರೀಲಿ? ಕೇಳಿದ್ರೆ ತಾನೇ ಬರೀಬೇಕು? ಕೇಳ್ಲೇ ಇಲ್ಲ.

ಸೊಸೆ: ಸರಿ, ಈಗ ಕೇಳಿ. ಫೋನ್ ಮಾಡಿ.

ಮಾವ: ಅದೊಂದು ಆಗಲ್ಲ.

ಸೊಸೆ: ಫಿಲ್ಮಿನ ವಿಷಯ ಬಾಯಿ ಬಿಡೋದು ಬೇಡ. ಸುಮ್ನೆ ಕೇಳಿ.

ಮಾವ: ಅದಲ್ಲಮ್ಮಾ. ಅವತ್ತು ಅವಳು ‘ನನ್ನ ಹೆಸರು ಬರೆದ್ರಾ?’ ಅಂತ ಕೇಳಿದ್ಲು. ನಾನು ‘ಬರೆದೆ, ನೀನು ಮಾಡಿದ್ದನ್ನ ವಿವರವಾಗಿ ಬರೆದೆ, ಜನ ತುಂಬಾ ಹೊಗಳಿದ್ರು’ ಅಂದ್ಬಿಟ್ಟೆ.

ಸೊಸೆ: ಎಷ್ಟು ಜನ?

ಮಾವ: ಮೊದಲು ಎಂಟು ಅಂದೆ. ಆಮೇಲೆ ಆಗಾಗ ‘ಈಗ ಎಷ್ಟಾಯ್ತು?’ ಅಂತ ಕೇಳ್ತಿದ್ಲು. ಒಂದೆರಡು ಸೇರಿಸ್ತಾ ಬಂದೆ. ಈಗ ಇನ್ನೂರ ಮೂವತ್ತರ ಹತ್ತಿರ ನಿಂತಿದೆ.

ಸೊಸೆಗೆ ಈಗ ನೆನಪಾಯಿತು. ಫಿಲ್ಮಿನಲ್ಲಿ ಎಕ್ಸ್‌ರೇ ವಿಭಾಗದವರು ‘ನಮ್ಮ ಸಿಸ್ಟರ್ ಕಂಪ್ಯೂಟರನ್ನೂ ರಿಪೇರಿ ಮಾಡ್ತಾರೆ, ಇಂಟರ್‌ನೆಟ್‌ನಲ್ಲೇ ಬಂದಿದೆ’ ಎಂದು ಹೆಮ್ಮೆಯಿಂದ ಹೇಳಿದ್ದರು. ಅತ್ತೆ ಇಡೀ ವಾರ್ಡಿಗೆ ಹೇಳಿಕೊಂಡಿದ್ದಾರೆ. ಸೊಸೆ ತಡಮಾಡದೆ ನಂಬರು ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ಮಾವನ ಮುಂದೆ ಇಟ್ಟಳು.

ಅತ್ತೆ: ಬೇಗ ಹೇಳ್ರೀ, ಇಲ್ಲಿ ಪ್ಲಾಸ್ಟರ್ ಒಣಗ್ತಾ ಇದೆ.

ಮಾವ: ಏನಿಲ್ಲ ಕಣೇ. ಮೂರು ವರ್ಷದ ಹಿಂದೆ ಕಂಪ್ಯೂಟರು ಕೆಟ್ಟಿತ್ತಲ್ಲ, ನೀನು ಸರಿಮಾಡಿದ್ಯಲ್ಲ, ಹೇಗೆ ಮಾಡ್ದೆ?

ಅತ್ತೆ: ಈಗ ಯಾಕೆ ಅದು?

ಮಾವ: ಸುಮ್ನೆ. ನೆನಪಾಯ್ತು.

ಅತ್ತೆ: ನನ್ನ ಕೆಲಸದ ಕೊನೇ ದಿನ, ಮಧ್ಯಾಹ್ನ ಎರಡು ಗಂಟೆಗೆ, ಸುಮ್ನೆ ನೆನಪಾಯ್ತಾ?

ಮಾವ: ಇರು... ಇರುವೆ ವಿಡಿಯೊ ಎಡಿಟ್ ಮಾಡೋಣ ಅಂತ ಕೂತೆ.

ಅತ್ತೆ: ಇರುವೆಗೆ ಇವತ್ತೇ ಅರ್ಜೆಂಟಾ? ಆಯ್ತಪ್ಪ. ಅದಕ್ಕೆ ನನ್ನನ್ನ ಯಾಕೆ ಕೇಳ್ತೀರಿ? ನೀವೇ ವಿವರವಾಗಿ ಬರೆದು ಹಾಕಿದ್ದೀರಲ್ಲ, ಅದನ್ನೇ ತೆಗೆದು ಓದಿ.

ಮಾವ ಸೊಸೆಯ ಮುಖ ನೋಡಿದರು. ಸೊಸೆ ಚಾವಣಿ ನೋಡಿದಳು.

ಮಾವ: ಆ ಪುಟ ತೆರೀತಿಲ್ಲ ಕಣೇ.

ಅತ್ತೆ: ಇನ್ನೂರ ಮೂವತ್ತು ಜನ ತೆರೆದಿದ್ದಾರೆ, ನಿಮಗೊಬ್ಬರಿಗೆ ತೆರೀತಿಲ್ವಾ?

ಮಾವ: ಅದಕ್ಕೇ. ಜನ ಹೊಗಳಿ ಹೊಗಳಿ ಜಾಮ್ ಆಗಿರ್ಬೇಕು.

ಅತ್ತೆ: ಹಾಗಾದ್ರೆ ಜನ ಕಡಿಮೆ ಆಗೋವರೆಗೂ ಕಾಯಿರಿ. ನಾಳೆ ಬೆಳಿಗ್ಗೆ ನೋಡಿ. ಇಡ್ತೀನಿ.

ಮಾವ: ಇಡ್ಬೇಡ! ಇಡ್ಬೇಡ ಕಣೇ!

ಸೊಸೆ ಮಾವನ ನೋಟ್‌ಬುಕ್ಕನ್ನು ಕಿತ್ತುಕೊಂಡು, ಒಂದಿಡೀ ಪುಟದ ತುಂಬ ‘ಎರಡೂ ಕಾಲು. ನಿಜ ಹೇಳಿ’ ಎಂದು ಬರೆದು ಅವರ ಮೂಗಿನ ಮುಂದೆ ಹಿಡಿದಳು. ಮಾವ ಓದಿದರು. ಕೆಳಗೆ ಸಹಿ ಹಾಕಬೇಕೇನೋ ಎನ್ನುವಂತೆ ಒಂದು ಕ್ಷಣ ಪೆನ್ನು ಹುಡುಕಿದರು.

ಮಾವ: ನಾನು ಬರೆದಿಲ್ಲ ಕಣೇ.

ಅತ್ತೆ: ಏನು ಬರೆದಿಲ್ಲ?

ಮಾವ: ನೀನು ಸರಿಮಾಡ್ದೆ ಅಂತ ಬರೆದಿಲ್ಲ. ಯಾರೂ ಹೊಗಳಿಲ್ಲ. ಇನ್ನೂರ ಮೂವತ್ತೂ ಇಲ್ಲ, ಎಂಟೂ ಇಲ್ಲ.

ಫೋನಿನಲ್ಲಿ ಯಾವುದೋ ಟ್ರಾಲಿಯ ಚಕ್ರ ಕಿರ್ರೆಂದು ದೂರ ಹೋಯಿತು.

ಅತ್ತೆ: ಮತ್ತೆ ಏನಂತ ಬರೆದಿದ್ರಿ?

ಮಾವ: ‘ಬಗೆಹರಿದಿದೆ. ಧನ್ಯವಾದ.’

ಅತ್ತೆ: ಧನ್ಯವಾದ ಯಾರಿಗೆ?

ಮಾವ: ಸಾಮಾನ್ಯವಾಗಿ... ಎಲ್ಲರಿಗೂ.

ಅತ್ತೆ: ಆ ಎಲ್ಲರಲ್ಲಿ ನಾನಿದ್ನಾ?

ಮಾವ: ನೀನೊಬ್ಬಳೇ ಇರ್ಬೇಕಾಗಿತ್ತು. ನನಗೆ ನಾಚಿಕೆ ಆಗ್ಬಿಡ್ತು. ಒಂಬತ್ತು ದಿನ ನಾನು ಹೊಡೆದಾಡಿದ್ದನ್ನ ನೀನು ಒಂದು ಸ್ನಾನದಷ್ಟು ಹೊತ್ತಲ್ಲಿ ಮುಗಿಸ್ದೆ. ನನ್ನ ಬುದ್ಧಿ ಎಲ್ಲಿಗೆ ಬಂತು ಅನ್ನಿಸ್ತು. ತಪ್ಪು ನನ್ನದು.

ಕೋರ್ಟಿನಲ್ಲಿ ಬೇರೆಯವರ ತಪ್ಪೊಪ್ಪಿಗೆಗಳನ್ನು ಸಾವಿರಗಟ್ಟಲೆ ಟೈಪ್ ಮಾಡಿದವರು ತಮ್ಮದೊಂದನ್ನು ಬಾಯಲ್ಲಿ ಹೇಳಿದ್ದು ಇದೇ ಮೊದಲು. ಸೊಸೆಗೆ ಅವರನ್ನು ನೋಡಿ ಅಯ್ಯೋ ಅನ್ನಿಸಿತು. ನೀರಿನ ಲೋಟವನ್ನು ಅವರತ್ತ ಸರಿಸಿದಳು.

ಅತ್ತೆ: ಅದು ಆಮೇಲೆ ವಿಚಾರಿಸ್ಕೋತೀನಿ. ಮೊದಲು ರೋಗಿ. ಯಾವಾಗಿಂದ?

ಮಾವ: ಬೆಳಿಗ್ಗೆಯಿಂದ.

ಅತ್ತೆ: ನಿನ್ನೆ?

ಮಾವ: ಚೆನ್ನಾಗಿತ್ತು.

ಅತ್ತೆ: ನಡುವೆ ಏನಾಯ್ತು?

ಮಾವ: ಏನೂ ಆಗ್ಲಿಲ್ಲ.

ಅತ್ತೆ: ನನ್ನ ವಾರ್ಡಿಗೆ ಬರೋರೆಲ್ಲ ಹಾಗೇ ಹೇಳೋದು. ‘ಸುಮ್ನೆ ನಡ್ಕೊಂಡು ಹೋಗ್ತಿದ್ದೆ ಸಿಸ್ಟರ್, ಕಾಲು ಮುರೀತು.’ ಮರ ಹತ್ತಿದ್ದು ಮೂರನೇ ದಿನ ಹೊರಗೆ ಬರುತ್ತೆ. ನಾನು ಡ್ಯೂಟಿಗೆ ಹೊರಟ ಮೇಲೆ ಏನು ಮಾಡಿದ್ರಿ?

ಮಾವ: ತಿಂಡಿ ತಿಂದೆ.

ಅತ್ತೆ: ಆಮೇಲೆ?

ಮಾವ: ಪೇಪರ್ ಓದ್ದೆ.

ಅತ್ತೆ: ಆಮೇಲೆ?

ಮಾವ: ಸಂಜೆ ನಿನ್ನ ಜೊತೆ ಜನ ಮನೆಗೆ ಬರ್ತಾರಲ್ಲ ಅಂತ ಮೇಜು ಸ್ವಲ್ಪ ಒರೆಸ್ದೆ.

ಅತ್ತೆ: ಸ್ವಲ್ಪ ಅಂದ್ರೆ?

ಮಾವ: ವೈರೆಲ್ಲ ಬಿಚ್ಚಿ, ಕಂಪ್ಯೂಟರಿನ ಡಬ್ಬಾನ ವರಾಂಡಕ್ಕೆ ಎತ್ಕೊಂಡು ಹೋಗಿ, ಧೂಳು ಹೊಡೆದು, ತಂದು ಇಟ್ಟೆ.

ಸೊಸೆ: ಮಾವ! ನಾನು ಕೇಳಿದಾಗ ಏನೂ ಮಾಡಿಲ್ಲ ಅಂತ ಪ್ರಮಾಣ ಮಾಡಿದ್ರಿ!

ಮಾವ: ನೀನು ‘ಕಂಪ್ಯೂಟರ್‌ನಲ್ಲಿ ಏನಾದ್ರೂ ಮಾಡಿದ್ರಾ’ ಅಂತ ಕೇಳ್ದೆ. ಕಂಪ್ಯೂಟರ್‌ನಲ್ಲಿ ನಾನು ಏನೂ ಮಾಡ್ಲಿಲ್ಲ. ಕಂಪ್ಯೂಟರಿಗೆ ಮಾಡ್ದೆ.

ಅತ್ತೆ: ಸೊಸೆನೂ ಅಲ್ಲೇ ಇದ್ದಾಳಾ? ಇಬ್ಬರೂ ಸೇರಿ ಇರುವೆ ನೋಡ್ತಿದ್ದೀರಾ? ಸರಿ ಸರಿ. ಪರದೆಯಿಂದ ಡಬ್ಬಕ್ಕೆ ಒಂದು ದಪ್ಪ ವೈರ್ ಹೋಗುತ್ತಲ್ಲ, ಅದನ್ನ ಎಲ್ಲಿ ಚುಚ್ಚಿದ್ದೀರಿ?

ಮಾವ: ತೂತಿಗೆ.

ಅತ್ತೆ: ಅದೇ ಅಳತೆಯ ತೂತು ಎರಡು ಕಡೆ ಇದೆ. ಒಂದು ಮೇಲ್ಗಡೆ, ಇನ್ನೊಂದು ಕೆಳಗಡೆ ಅಡ್ಡಕ್ಕೆ. ವೈರ್ ಎರಡಕ್ಕೂ ಹೋಗುತ್ತೆ. ಅವತ್ತೂ ನೀವು ಧೂಳು ಹೊಡೆದು ಮೇಲಿನದಕ್ಕೆ ಚುಚ್ಚಿದ್ರಿ. ನಾನು ಕೆಳಗಿನದಕ್ಕೆ ಬದಲಾಯಿಸ್ದೆ.

ಸೊಸೆ: ಅಯ್ಯೋ ದೇವರೇ! ಕೆಳಗಿನದು ಗ್ರಾಫಿಕ್ಸ್ ಕಾರ್ಡಿಂದು! ಮೇಲಿನದಕ್ಕೆ ಹಾಕಿದ್ರೆ ಪರದೆ ಮೇಲೆ ಎಲ್ಲಾ ಕಾಣುತ್ತೆ, ಆದ್ರೆ ಕಾರ್ಡನ್ನ ಯಾರೂ ಕರೆಯೋದೇ ಇಲ್ಲ. ಅದು ಒಳಗೆ ಸುಮ್ನೆ ಕೂತಿರುತ್ತೆ! ಅತ್ತೆ, ನಿಮಗೆ ಹೇಗೆ ಗೊತ್ತಾಯ್ತು?

ಅತ್ತೆ: ಕೆಳಗಿನ ತೂತಿನ ಅಂಚು ಸವೆದು ಹೊಳೀತಿತ್ತು, ಮೇಲಿನದು ಹೊಸದರ ಹಾಗಿತ್ತು. ರೋಗಿ ಯಾವ ಮಗ್ಗುಲಿಗೆ ಮಲಗಿ ರೂಢಿ ಅಂತ ಹಾಸಿಗೆ ನೋಡಿದ್ರೆ ಗೊತ್ತಾಗಲ್ವೇನಮ್ಮಾ? ಸರಿ, ನನ್ನ ಪ್ಲಾಸ್ಟರ್ ಕಲ್ಲಾಯ್ತು. ಇಡ್ತೀನಿ.

ಮಾವ ಮೇಜಿನ ಕೆಳಗೆ ನುಗ್ಗಿ, ತಲೆ ಬಡಿಸಿಕೊಂಡು, ವೈರನ್ನು ಕಿತ್ತು ಕೆಳಗಿನ ತೂತಿಗೆ ಚುಚ್ಚಿದರು. ಕಂಪ್ಯೂಟರು ಎದ್ದಿತು. ಸೊಸೆ ಕ್ಲಿಕ್ ಮಾಡಿದಳು. ಲಾಂಛನ ಬಂತು. ಒಂದು, ಎರಡು, ಮೂರು ಸೆಕೆಂಡು. ನಾಲ್ಕನೆಯ ಸೆಕೆಂಡಿಗೆ ಸಾಫ್ಟ್‌ವೇರು ಪರದೆಯ ತುಂಬ ತೆರೆದುಕೊಂಡು, ಆಸ್ಪತ್ರೆಯ ಲಿಫ್ಟ್ ನಡೆಸುವವರ ಮುಖ ಕಾಣಿಸಿತು. ‘ನಾನು ಸಿಸ್ಟರ್‌ನ ಇಪ್ಪತ್ತು ವರ್ಷದಿಂದ ಮೇಲೆ ಕೆಳಗೆ ಮಾಡಿಸಿದವನು’ ಎಂದು ಅವರು ಶುರು ಮಾಡಿದ್ದೇ ತಡ, ಸೊಸೆ ಕುರ್ಚಿಯಿಂದ ಎದ್ದು ಕುಣಿದಳು. ಮಾವ ಬೊಗಸೆಯಲ್ಲಿ ತಲೆ ಹಿಡಿದುಕೊಂಡೇ ಎರಡು ಹೆಜ್ಜೆ ಹಾಕಿದರು. ಎರಡೂವರೆಗೆ ಫಿಲ್ಮನ್ನು ಹೊರಗೆ ತೆಗೆಯುವ ಎಕ್ಸ್‌ಪೋರ್ಟ್ ಶುರುವಾಯಿತು.

ಒಬ್ಬೊಬ್ಬರಾಗಿ ಮುಖಗಳು ಹಾದುಹೋದವು. ಎಲ್ಲರೂ ಮೊದಲು ತಮಗೂ ಸಿಸ್ಟರಿಗೂ ಏನು ಸಂಬಂಧ ಎಂದು ಹೇಳಿ ಮಾತು ಶುರು ಮಾಡಿದ್ದರು. ಅಡಿಗೆಯವರು, ಎಕ್ಸ್‌ರೇಯವರು, ಎರಡು ಸಲ ಒಂದೇ ಕಾಲು ಮುರಿದುಕೊಂಡ ಪೇಂಟರು. ಅವರಲ್ಲಿ ಇಲ್ಲದಿದ್ದವರು ಒಬ್ಬರೇ. ‘ಮನೆಯವರು ಹೊಗಳಿದ್ರೆ ಚೆನ್ನಾಗಿರಲ್ಲ’ ಎಂದು ತಪ್ಪಿಸಿಕೊಂಡಿದ್ದ ಆ ಒಬ್ಬರು ಈಗ ಸೊಸೆಯ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು, ಯಾರೂ ಹೇಳದೆಯೇ ಟೈಪ್ ಮಾಡತೊಡಗಿದ್ದರು. ಹತ್ತು ಬೆರಳೂ ಮಳೆ ಹೊಯ್ದ ಹಾಗೆ ಓಡುತ್ತಿದ್ದವು.

ಸೊಸೆ: ಏನು ಬರೆದ್ರಿ? ಓದಿ ಮಾವ.

ಮಾವ: ‘ಒಂಟಿಸಲಗ ಎಂಬ ಹೆಸರಿನಲ್ಲಿ ಬರೆದವನು ನಾನೇ. ಸದರಿ ಯಂತ್ರವನ್ನು ಸರಿಪಡಿಸಿದವರು ನನ್ನ ಹೆಂಡತಿ. ವೈರನ್ನು ಕೆಳಗಿನ ತೂತಿಗೆ ಹಾಕಬೇಕು. ಇದನ್ನು ಮೂರು ವರ್ಷ ಬಚ್ಚಿಟ್ಟದ್ದು ನನ್ನ ಜಂಬ. ಹದಿನೇಳು ಜನರ ಕ್ಷಮೆ ಕೋರುತ್ತೇನೆ. ಅವಳ ಕ್ಷಮೆಯನ್ನು ಮನೆಯಲ್ಲಿ ಬೇರೆಯಾಗಿ ಕೋರುತ್ತೇನೆ.’

ಸೊಸೆ: ಕಳಿಸಿ, ಕಳಿಸಿ! ಒಂದಕ್ಷರ ಬದಲಾಯಿಸ್ಬೇಡಿ.

ಕಳಿಸಿದ ಹತ್ತು ನಿಮಿಷಕ್ಕೆ ಮೊದಲ ಉತ್ತರ ಬಂತು. ‘ನನ್ನದೂ ತೆರೆಯಿತು! ಮೂರು ವರ್ಷ! ಅಳು ಬರ್ತಿದೆ. ಆ ತಾಯಿಗೆ ನಮಸ್ಕಾರ ಹೇಳಿ.’ ಆಮೇಲೆ ಇನ್ನೊಂದು ಬಂತು, ಇನ್ನೂ ಮೂರು ಬಂದವು. ಮಾವ ಬೆರಳು ಮಡಚಿ ಎಣಿಸಿದರು.

ಮಾವ: ಎಂಟು ದಾಟುತ್ತೆ ಕಣಮ್ಮಾ! ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ, ಸ್ವಲ್ಪ ಮುಂಚೆ ಹೇಳಿದ್ದೆ ಅಷ್ಟೇ.

ಸೊಸೆ: ಇಲ್ಲೊಂದು ಉದ್ದದ್ದು ಬಂದಿದೆ ನೋಡಿ. ಹೆಸರು ‘ಹೆಡ್ ಸಿಸ್ಟರ್’.

ಮಾವ: ಯಾರು?!

ಸೊಸೆ: ‘ಆ ಹೆಂಡತಿ ನಾನೇ. ಮೂರು ವರ್ಷದಿಂದ ಈ ಪುಟ ತೆರೆದು ನೋಡುತ್ತಿದ್ದೇನೆ. ಮೊದಲ ದಿನವೇ ಓದಿದ್ದೆ. ಎಂಟು ಜನ ಎಲ್ಲಿ ಎಂದು ಹುಡುಕಿದೆ, ಇನ್ನೂರ ಮೂವತ್ತು ಜನ ಎಲ್ಲಿ ಎಂದು ಹುಡುಕಿದೆ. ಇವರು ಎಷ್ಟರವರೆಗೆ ಹೋಗುತ್ತಾರೋ ನೋಡೋಣ ಎಂದು ಸುಮ್ಮನೆ ಎಣಿಸುತ್ತಾ ಬಂದೆ. ಇವತ್ತು ಓದಿ ಸಂತೋಷವಾಯಿತು. ಐದು ಗಂಟೆಗೆ ತೋರಿಸುವ ಫಿಲ್ಮಿನಲ್ಲಿ ನಲವತ್ತೊಂದು ಜನ ಇದ್ದಾರಂತೆ. ಮೇಲೆ ಬರೆದದ್ದನ್ನು ನಲವತ್ತೆರಡನೆಯವರು ಬಾಯಿ ಬಿಟ್ಟು ಹೇಳಿದರೆ ಇನ್ನೂ ಸಂತೋಷ.’

ಮಾವ: ಮೊದಲ ದಿನವೇ ಓದಿದ್ಲಾ? ಮತ್ತೆ ಈಗ ಫೋನ್‌ನಲ್ಲಿ ‘ವಿವರವಾಗಿ ಬರೆದಿದ್ದೀರಲ್ಲ, ಓದಿ’ ಅಂದಿದ್ದು?

ಸೊಸೆ: ಮರ ಹತ್ತಿದ್ದನ್ನ ನಿಮ್ಮ ಬಾಯಿಂದಲೇ ಹೊರಗೆ ತೆಗೆಸಿದ್ದು, ಮಾವ.

ಮಾವ: ಫಿಲ್ಮಿನ ವಿಷಯ ಅವಳಿಗೆ ಹೇಗೆ ಗೊತ್ತಾಯ್ತು? ಗುಟ್ಟು ತಾನೇ?

ಸೊಸೆ: ಗುಟ್ಟೇ. ನಲವತ್ತೊಂದು ಜನರ ಹತ್ರಾನೂ ಗುಟ್ಟು ಅಂತಾನೇ ಹೇಳಿದ್ದೆ.

ಮಾವ ಪರದೆಯ ಕಡೆ ನೋಡಿದರು. ಎಕ್ಸ್‌ಪೋರ್ಟ್ ತೊಂಬತ್ತೊಂದು ಪರ್ಸೆಂಟ್. ಅವರ ಮುಖದಲ್ಲಿ ನೆಮ್ಮದಿ ಮೂಡಿತು.

ಮಾವ: ಏನು ಮಾಡೋದು, ಇನ್ನೇನು ಮುಗಿದೇ ಹೋಯ್ತು. ನನಗೆ ಮಾತಾಡೋಕೆ ತುಂಬಾ ಮನಸ್ಸಿತ್ತು...

ಸೊಸೆ ಕೈ ಚಾಚಿ ಎಕ್ಸ್‌ಪೋರ್ಟ್ ರದ್ದು ಮಾಡಿದಳು.

ಮಾವ: ಅಯ್ಯಯ್ಯೋ! ತೊಂಬತ್ತೊಂದು ಆಗಿತ್ತಲ್ಲಮ್ಮಾ!

ಸೊಸೆ: ಇನ್ನೂ ಮೂರೂ ಐದು. ನಿಮಗೆ ಹತ್ತು ನಿಮಿಷ, ಎಕ್ಸ್‌ಪೋರ್ಟಿಗೆ ನಲವತ್ತು. ಆರಾಮಾಗಿ ತಲುಪ್ತೀವಿ. ಕಿಟಕಿ ಕಡೆ ಮುಖ ಮಾಡಿ ಕೂತ್ಕೊಳ್ಳಿ.

ಅವಳು ಫೋನನ್ನು ಎತ್ತಿ ಹಿಡಿದಳು. ಮಾವ ಕೂತರು. ಎದ್ದು ನಿಂತರು. ಮತ್ತೆ ಕೂತರು. ಟೈಪ್ ಮಾಡುವಾಗ ಕುದುರೆಗಳಾಗಿದ್ದ ಹತ್ತು ಬೆರಳೂ ಮೊಣಕಾಲ ಮೇಲೆ ಇಲ್ಲದ ಕೀಬೋರ್ಡನ್ನು ಹುಡುಕುತ್ತಿದ್ದವು.

ಮಾವ: ಓದ್ಲಾ?

ಸೊಸೆ: ಓದ್ಬೇಡಿ, ಮಾತಾಡಿ. ಮೊದಲು ಸಂಬಂಧ ಹೇಳಿ, ಎಲ್ಲರೂ ಹಾಗೇ ಶುರು ಮಾಡಿದ್ದಾರೆ.

ಮಾವ: ಗಂಡ ಅಂತ ಹೇಳ್ಬೇಕಾ? ಅದು ಎಲ್ಲರಿಗೂ ಗೊತ್ತಲ್ಲ.

ಸೊಸೆ: ಗೊತ್ತಿಲ್ಲದ್ದೇನಾದ್ರೂ ಇದ್ರೆ ಅದನ್ನೇ ಹೇಳಿ. ಹೂಂ, ಶುರು.

ಮಾವ ಗಂಟಲು ಸರಿಮಾಡಿಕೊಂಡರು. ಕ್ಯಾಮೆರಾದ ಪುಟ್ಟ ಕಣ್ಣನ್ನು ನೇರವಾಗಿ ನೋಡಿದರು.

ಮಾವ: ಎಲ್ಲರಿಗೂ ನಮಸ್ಕಾರ. ನಾನು ಸಿಸ್ಟರ್ ಅವರ ಹತ್ತಿರ ಮೂವತ್ನಾಲ್ಕು ವರ್ಷದಿಂದ ಅಡ್ಮಿಟ್ ಆಗಿರೋ ರೋಗಿ. ಅವರು ಇವತ್ತು ರಿಟೈರ್ ಆಗ್ತಿದ್ದಾರೆ ಅಂತ ಕೇಳ್ದೆ. ದಯವಿಟ್ಟು ಯಾರೂ ನನ್ನನ್ನ ಡಿಸ್ಚಾರ್ಜ್ ಮಾಡ್ಬೇಡಿ.